ಬೈಟಿಗೆ ಬಿದ್ದ ಸಹಿ

ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡದ ಕೆಲಸ ಇಷ್ಟು: ಸಾಲದ ಕರಾರುಪತ್ರಗಳನ್ನು ಪಿಡಿಎಫ್ ಮಾಡುವುದು, ಡಿಜಿಟಲ್ ಸಹಿ ಹಾಕುವುದು, ಗ್ರಾಹಕರಿಗೆ ಮೇಲ್ ಮಾಡುವುದು. ಮೇಲ್ ಭಾರವಾಗುತ್ತಿದೆ ಎಂಬ ದೂರು ಬಂತು. ಕಳಿಸುವ ಮುನ್ನ ಫೈಲಿನ ಗಾತ್ರ ಕುಗ್ಗಿಸುವ ಒಂದು ಹೆಜ್ಜೆಯನ್ನು ಯಾರೋ ಸೇರಿಸಿದರು. ಆ ಯಾರೋ ನಾನೇ. ಮಾರನೆಯ ದಿನ ಬೆಳಿಗ್ಗೆ ಗ್ರಾಹಕರ ಕೈಗೆ ಸಿಕ್ಕ ಪ್ರತಿಯೊಂದು ಕರಾರಿನ ಮೇಲೂ ಕೆಂಪು ಗುರುತು: ಸಹಿಯಾದ ಮೇಲೆ ದಾಖಲೆ ಬದಲಾಗಿದೆ. ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆವು. ಒಂದು ಅಕ್ಷರ, ಒಂದು ಅಲ್ಪವಿರಾಮ ಕೂಡ ಬದಲಾಗಿರಲಿಲ್ಲ.

ಕಾಗದದ ಸಹಿಯ ಅಭ್ಯಾಸ ಇರುವ ನಮಗೆ ಇಲ್ಲೇ ಎಡವಟ್ಟಾಗುವುದು. ಕಾಗದದಲ್ಲಿ ನಾವು ಸಹಿ ಹಾಕುವುದು ಓದಿದ ಮಾತಿಗೆ. ಕಂಪ್ಯೂಟರಿನಲ್ಲಿ ಸಹಿ ಬೀಳುವುದು ಬೈಟುಗಳ ಒಂದು ಸಾಲಿಗೆ. ಆ ಸಾಲು ತೆರೆಯ ಮೇಲೆ ಏನಾಗಿ ಕಾಣುತ್ತದೆ ಎಂಬುದು ಸಹಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಸಹಿ ಮಾಡಿದ ದಾಖಲೆಗಳ ಫಾರ್ಮ್ಯಾಟುಗಳು ಎಷ್ಟೇ ಇದ್ದರೂ ಅವೆಲ್ಲ ಉತ್ತರಿಸುವುದು ಎರಡೇ ಪ್ರಶ್ನೆಗೆ: ಯಾವ ಬೈಟುಗಳಿಗೆ ಸಹಿ, ಮತ್ತು ಆ ಸಹಿಯನ್ನು ಎಲ್ಲಿ ಇಡುವುದು?

ಮೊದಲು ಮೂಲ ಯಂತ್ರ. ದಾಖಲೆಯ ಬೈಟುಗಳನ್ನು ಶಾ-256 ಎಂಬ ಹ್ಯಾಶ್‌ಗೆ ಕೊಟ್ಟರೆ 32 ಬೈಟುಗಳ ಒಂದು ಸಾರ ಬರುತ್ತದೆ. ಒಂದು ಬಿಟ್ ಬದಲಾದರೂ ಸಾರ ಪೂರ್ತಿ ಬೇರೆ. ಆ ಸಾರವನ್ನೂ ಪ್ರೈವೇಟ್ ಕೀಯನ್ನೂ ಸೇರಿಸಿ ಗಣಿತ ಮಾಡಿದರೆ ಸಹಿ. ಪಬ್ಲಿಕ್ ಕೀ ಇರುವ ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು, ಹೊಸದಾಗಿ ಹುಟ್ಟಿಸಲಾರರು. ‘ಹ್ಯಾಶನ್ನು ಪ್ರೈವೇಟ್ ಕೀಯಿಂದ ಎನ್‌ಕ್ರಿಪ್ಟ್ ಮಾಡುವುದೇ ಸಹಿ’ ಎಂಬ ವಿವರಣೆ ಎಲ್ಲೆಡೆ ಸಿಗುತ್ತದೆ. ಆರ್‌ಎಸ್‌ಎಗೆ ಅದು ಹೇಗೋ ಹೊಂದುತ್ತದೆ, ಎಲಿಪ್ಟಿಕ್ ಕರ್ವ್ ಸಹಿಗಳಿಗೆ ಹೊಂದುವುದಿಲ್ಲ. ಅಲ್ಲಿ ಎನ್‌ಕ್ರಿಪ್ಶನ್ ಎಂಬುದೇ ಇಲ್ಲ. ಸಂದರ್ಶನದಲ್ಲಿ ಈ ಉತ್ತರ ಕೊಟ್ಟವರನ್ನು ನಾನು ಒಂದು ಪ್ರಶ್ನೆ ಹೆಚ್ಚಿಗೆ ಕೇಳುತ್ತೇನೆ. ಹ್ಯಾಶ್‌ನ ಆಯ್ಕೆಯೂ ಹಗುರದ ಮಾತಲ್ಲ. 2017ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಮತ್ತು ಗೂಗಲ್ ಸಂಶೋಧಕರು ಶಾ-1 ಒಂದೇ ಬರುವ ಎರಡು ಬೇರೆ ಬೇರೆ ಪಿಡಿಎಫ್‌ಗಳನ್ನು ತೋರಿಸಿದರು. ಹಳೆಯ ಕೋಡಿನಲ್ಲಿ ಶಾ-1 ಎಲ್ಲಾದರೂ ಉಳಿದಿದ್ದರೆ ಹುಡುಕಿ ತೆಗೆಯಿರಿ.

ಸಹಿ ಮಾಡಿದ ಕೀ ಯಾರದು ಎಂದು ಹೇಳುವುದು ಸರ್ಟಿಫಿಕೇಟ್. ನಮ್ಮಲ್ಲಿ ಇದರ ಬೇರು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿದೆ. ಕಲಂ 3 ಡಿಜಿಟಲ್ ಸಹಿಯದು, 2008ರ ತಿದ್ದುಪಡಿಯಲ್ಲಿ ಬಂದ 3ಎ ವಿಶಾಲ ಅರ್ಥದ ಎಲೆಕ್ಟ್ರಾನಿಕ್ ಸಹಿಯದು. ಸಿಸಿಎ ಎಂಬ ನಿಯಂತ್ರಕರ ಮೂಲ ಸರ್ಟಿಫಿಕೇಟ್ ಮೇಲೆ, ಅದರ ಕೆಳಗೆ ಪರವಾನಗಿ ಪಡೆದ ಸಂಸ್ಥೆಗಳು (ಬೆಂಗಳೂರಿನ ಇಮುದ್ರಾ ಅವುಗಳಲ್ಲೊಂದು), ಅವುಗಳ ಕೆಳಗೆ ನೀವು ನಾವು. ಆಡಿಟರ್ ಕಚೇರಿಯ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಮಲಗಿರುವ ಯುಎಸ್‌ಬಿ ಟೋಕನ್‌ಗಳಲ್ಲಿ ಇರುವುದು ಈ ಕೀಗಳೇ. ಕ್ಲಾಸ್ 2 ಸರ್ಟಿಫಿಕೇಟ್ ಕೊಡುವುದು 2021ರ ಜನವರಿಯಿಂದ ನಿಂತಿದೆ, ಈಗ ಕ್ಲಾಸ್ 3. ಟೋಕನ್ನಿನ ಕೀ ಹೊರಗೆ ಬರುವುದಿಲ್ಲ. ನೀವು ಹ್ಯಾಶ್ ಒಳಗೆ ಕಳಿಸುತ್ತೀರಿ, ಅದು ಸಹಿ ಹೊರಗೆ ಕೊಡುತ್ತದೆ. ಬ್ರೌಸರಿಗೆ ಟೋಕನ್ ಜತೆ ನೇರ ಮಾತಿಲ್ಲದ ಕಾರಣ ನಡುವೆ ಒಂದು ಸಣ್ಣ ಲೋಕಲ್ ತಂತ್ರಾಂಶ ಹಾಕಿಸಿಕೊಳ್ಳುತ್ತಾರೆ. ಜಿಎಸ್‌ಟಿ ಪೋರ್ಟಲಿನಲ್ಲಿ ಸಹಿ ಹಾಕಿದವರಿಗೆಲ್ಲ ಅದರ ಪರಿಚಯ ಉಂಟು.

ಇ-ಆಧಾರ್ ಪಿಡಿಎಫ್ ತೆರೆದಾಗ ಕಾಣುವ ಹಳದಿ ಪ್ರಶ್ನಾರ್ಥಕ ಚಿಹ್ನೆ ಹಲವರನ್ನು ಹೆದರಿಸಿದೆ. ಹಳದಿ ಬೇರೆ, ಕೆಂಪು ಬೇರೆ. ಹಳದಿ ಅಂದರೆ ‘ಸಹಿಯ ಗಣಿತ ಇರಲಿ, ಸಹಿದಾರನಿಗೆ ಜಾಮೀನು ನಿಂತವರು ನನಗೆ ಪರಿಚಯವಿಲ್ಲ’ ಎಂದು ರೀಡರ್ ಹೇಳುತ್ತಿದೆ. ಮೂಲ ಸರ್ಟಿಫಿಕೇಟ್ ಆ ತಂತ್ರಾಂಶದ ನಂಬಿಕೆಯ ಪಟ್ಟಿಯಲ್ಲಿ ಇಲ್ಲ, ಅಷ್ಟೆ. ಕೆಂಪು ಅಂದರೆ ಬೈಟು ಬದಲಾಗಿದೆ, ಅಥವಾ ಸಹಿಯೇ ಕೆಟ್ಟಿದೆ. ಇನ್ನು ಸಹಿಯ ಚಿತ್ರ, ಹಸಿರು ಟಿಕ್, ಅದರ ಪಕ್ಕದ ಹೆಸರು ಮತ್ತು ದಿನಾಂಕ: ಇವೆಲ್ಲ ಅಲಂಕಾರ. ಅದೇ ಪಿಡಿಎಫ್ ಪ್ರಿಂಟ್ ತೆಗೆದರೆ ಕಾಗದದ ಮೇಲೆ ಉಳಿಯುವುದು ಅಲಂಕಾರ ಮಾತ್ರ. ನಾಡಕಚೇರಿಯ ಆದಾಯ ಪ್ರಮಾಣಪತ್ರವಾಗಲಿ, ಪಂಚಾಯಿತಿಯ ಇ-ಸ್ವತ್ತು ನಮೂನೆಯಾಗಲಿ, ಪ್ರಿಂಟ್ ಹಿಡಿದು ‘ಡಿಜಿಟಲ್ ಸಹಿ ಇದೆ’ ಎಂದರೆ ಅರ್ಧ ಮಾತು. ಆಧಾರ್‌ನವರು ಇದಕ್ಕೆ ಕಂಡುಕೊಂಡ ದಾರಿ ಜಾಣತನದ್ದು. ಆಧಾರ್‌ನ ಸುರಕ್ಷಿತ ಕ್ಯೂಆರ್ ಕೋಡ್‌ನ ಮಾಹಿತಿ ಬಿಚ್ಚಿದರೆ ಕೊನೆಯ 256 ಬೈಟುಗಳು 2048 ಬಿಟ್ ಆರ್‌ಎಸ್‌ಎ ಸಹಿ. ಕಾಗದದ ಮೇಲೂ ಸಹಿ ಬದುಕುತ್ತದೆ.

ಇನ್ನು ಫಾರ್ಮ್ಯಾಟುಗಳ ಮಾತು. ಎಲ್ಲಕ್ಕೂ ಅಜ್ಜ ಪಿಕೆಸಿಎಸ್ 7. ಅದರ ಇಂದಿನ ಹೆಸರು ಸಿಎಂಎಸ್, 2009ರ ಆರ್‌ಎಫ್‌ಸಿ 5652 ಅದರ ಸಂವಿಧಾನ. ಇದೊಂದು ಲಕೋಟೆ ಎಂದುಕೊಳ್ಳಿ: ಒಳಗೆ ಸಹಿ, ಸರ್ಟಿಫಿಕೇಟುಗಳು, ಯಾವ ಹ್ಯಾಶ್ ಬಳಸಿದ್ದು ಎಂಬ ಚೀಟಿ. ದಾಖಲೆಯೂ ಒಳಗೇ ಇದ್ದರೆ ಅಟ್ಯಾಚ್ಡ್, ಹೊರಗಿದ್ದರೆ ಡಿಟ್ಯಾಚ್ಡ್. ಇಲ್ಲಿ ಬಹುತೇಕ ಡೆವಲಪರ್‌ಗಳು ಒಮ್ಮೆ ಮುಗ್ಗರಿಸುತ್ತಾರೆ. ಸಹಿ ಬೀಳುವುದು ದಾಖಲೆಯ ಹ್ಯಾಶ್ ಮೇಲಲ್ಲ. ದಾಖಲೆಯ ಹ್ಯಾಶ್, ವಿಷಯದ ಬಗೆ, ಸಹಿಯ ಸಮಯ ಮುಂತಾದವನ್ನು ಸೇರಿಸಿ ‘ಸೈನ್ಡ್ ಆಟ್ರಿಬ್ಯೂಟ್ಸ್’ ಎಂಬ ಒಂದು ಪುಟ್ಟ ಗಂಟು ಕಟ್ಟಿ, ಆ ಗಂಟಿನ ಮೇಲೆ ಸಹಿ. ಅಂದರೆ ಎರಡು ಹ್ಯಾಶ್‌ಗಳು. ಅದರಲ್ಲೂ ಒಂದು ಚಮತ್ಕಾರವಿದೆ. ಲಕೋಟೆಯಲ್ಲಿ ಆ ಗಂಟಿನ ಮೊದಲ ಬೈಟ್ ಹದಿನಾರರ ಲೆಕ್ಕದಲ್ಲಿ ಎ0. ಹ್ಯಾಶ್ ಮಾಡುವಾಗ ಮಾತ್ರ ಅದನ್ನು 31 ಎಂದು ಬದಲಿಸಿಕೊಳ್ಳಬೇಕು. ನಿಯಮ ಆರ್‌ಎಫ್‌ಸಿಯಲ್ಲೇ ಇದೆ, ಓದಿದವರು ಕಡಿಮೆ. ಆ ಒಂದು ಬೈಟಿಗಾಗಿ ನಾನು ಎರಡು ದಿನ ಕಳೆದುಕೊಂಡಿದ್ದೇನೆ. ಸಹಿಯ ಸಮಯದ ಬಗ್ಗೆಯೂ ಒಂದು ಎಚ್ಚರ: ಅದು ಸಹಿ ಹಾಕಿದವನ ಯಂತ್ರ ಹೇಳಿದ ಸಮಯ. ಗಡಿಯಾರ ಹಿಂದಿಟ್ಟರೆ ಸಹಿಯೂ ಹಿಂದಿನದಾಗುತ್ತದೆ.

ಪಿಡಿಎಫ್ ಈ ಲಕೋಟೆಯನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಳ್ಳುತ್ತದೆ. ಅಲ್ಲೊಂದು ಒಗಟು ಹುಟ್ಟುತ್ತದೆ: ಫೈಲಿಗೆ ಸಹಿ ಹಾಕಬೇಕು, ಆ ಸಹಿ ಫೈಲಿನೊಳಗೇ ಇರಬೇಕು, ಆದರೆ ಸಹಿ ಸೇರಿದೊಡನೆ ಫೈಲು ಬದಲಾಗುತ್ತದೆ! ಇದಕ್ಕೆ ಉತ್ತರ ಒಂದು ತೂತು. ಸಹಿಗೆ ಬೇಕಾಗುವಷ್ಟು ಜಾಗವನ್ನು ಸೊನ್ನೆ ತುಂಬಿ ಬಿಟ್ಟು, ತೂತಿನ ಮುಂಚಿನದನ್ನೂ ನಂತರದ್ದನ್ನೂ ಹ್ಯಾಶ್ ಮಾಡಿ, ಸಹಿಯನ್ನು ತೂತಿನೊಳಗೆ ತುಂಬುವುದು. ತೂತು ಎಲ್ಲಿದೆ ಎಂದು ಹೇಳುವುದು ಬೈಟ್‌ರೇಂಜ್ ಎಂಬ ನಾಲ್ಕು ಸಂಖ್ಯೆಗಳ ಸಾಲು. ಉದಾಹರಣೆಗೆ 0, 52340, 68726, 1274. ಆರಂಭದಿಂದ 52,340 ಬೈಟುಗಳು, ಆಮೇಲೆ 68,726ನೆಯ ಸ್ಥಾನದಿಂದ 1,274 ಬೈಟುಗಳು. ನಡುವಿನ 16,386 ಬೈಟುಗಳೇ ತೂತು: 8,192 ಬೈಟಿನ ಸಹಿಯನ್ನು ಹದಿನಾರರ ಅಂಕಿಗಳಲ್ಲಿ ಬರೆದರೆ 16,384 ಅಕ್ಷರ, ಎರಡು ಬದಿಯ ಕೋನಾವರಣಕ್ಕೆ ಇನ್ನೆರಡು. ಕೊನೆಯ ಎರಡು ಸಂಖ್ಯೆ ಕೂಡಿದರೆ 70,000. ಅದು ಫೈಲಿನ ಪೂರ್ತಿ ಉದ್ದಕ್ಕೆ ಸಮ ಇರಬೇಕು. ಈ ಕೂಡುವ ಲೆಕ್ಕವನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಜಾಗ ಕಡಿಮೆ ಬಿಟ್ಟರೆ ಸಹಿ ಹಿಡಿಸುವುದಿಲ್ಲ. ಟೈಮ್‌ಸ್ಟ್ಯಾಂಪ್, ಉದ್ದದ ಸರ್ಟಿಫಿಕೇಟ್ ಸರಪಳಿ ಸೇರಿಸುವವರು ಧಾರಾಳವಾಗಿ ಬಿಡುವುದು ಲೇಸು. ಉಳಿದ ಸೊನ್ನೆಗಳಿಂದ ಯಾರಿಗೂ ತೊಂದರೆ ಇಲ್ಲ.

ಒಂದೇ ದಾಖಲೆಗೆ ಇಬ್ಬರು ಸಹಿ ಹಾಕಬೇಕಾದರೆ? ಮೊದಲನೆಯವರ ಸಹಿಯ ಬೈಟುಗಳನ್ನು ಮುಟ್ಟುವಂತಿಲ್ಲ. ಹಾಗಾಗಿ ಪಿಡಿಎಫ್ ಹಳೆಯ ಜಮಾಖರ್ಚಿನ ಪುಸ್ತಕದ ಹಾಗೆ ನಡೆದುಕೊಳ್ಳುತ್ತದೆ: ಹಿಂದಿನದನ್ನು ಅಳಿಸದೆ ಕೊನೆಗೆ ಹೊಸ ಪುಟ ಅಂಟಿಸುವುದು. ಇದಕ್ಕೆ ಇನ್‌ಕ್ರಿಮೆಂಟಲ್ ಅಪ್‌ಡೇಟ್ ಎನ್ನುತ್ತಾರೆ. ಎರಡನೆಯ ಸಹಿಯ ಬೈಟ್‌ರೇಂಜ್ ಮೊದಲನೆಯ ಸಹಿಯನ್ನೂ ಒಳಗೊಂಡು ಫೈಲಿನ ಹೊಸ ಕೊನೆಯವರೆಗೆ ಹೋಗುತ್ತದೆ. ಈ ಅಂಟಿಸುವ ಸೌಲಭ್ಯವೇ ಕಳ್ಳನಿಗೂ ಬಾಗಿಲು. 2019ರಲ್ಲಿ ಜರ್ಮನಿಯ ರೂರ್ ವಿಶ್ವವಿದ್ಯಾಲಯ ಬೋಖುಮ್‌ನ ಸಂಶೋಧಕರು 22 ಡೆಸ್ಕ್‌ಟಾಪ್ ಪಿಡಿಎಫ್ ರೀಡರ್‌ಗಳನ್ನು ಪರೀಕ್ಷಿಸಿದಾಗ 21 ಮೋಸಹೋದವು. ಗಣಿತವನ್ನು ಅವರು ಮುಟ್ಟಲೇ ಇಲ್ಲ. ಒಂದು ದಾಳಿಯಲ್ಲಿ ಸಹಿಯಾದ ಮೇಲೆ ಹೊಸ ಪುಟ ಅಂಟಿಸಿದರು. ರೀಡರ್ ತೋರಿಸಿದ್ದು ಹೊಸದನ್ನು, ಪರೀಕ್ಷಿಸಿದ್ದು ಹಳೆಯದನ್ನು. ಇನ್ನೊಂದರಲ್ಲಿ ಬೈಟ್‌ರೇಂಜ್ ಸಂಖ್ಯೆಗಳನ್ನು ತಿದ್ದಿ ತೂತನ್ನು ಹಿಗ್ಗಿಸಿ ಅದರಲ್ಲಿ ತಮಗೆ ಬೇಕಾದ್ದನ್ನು ತುಂಬಿದರು. ಮೂರನೆಯದಂತೂ ನಗು ತರಿಸುವಂಥದ್ದು: ಸಹಿಯ ಮಾಹಿತಿಯನ್ನೇ ಹಾಳುಗೆಡವಿದರು, ಪರೀಕ್ಷಿಸಲು ಏನೂ ಸಿಗದ ಕೆಲವು ರೀಡರ್‌ಗಳು ‘ಸರಿಯಾಗಿದೆ’ ಎಂದುಬಿಟ್ಟವು. ಆಮೇಲಿನ ಅಧ್ಯಯನದಲ್ಲಿ ಇದೇ ವಿಶ್ವವಿದ್ಯಾಲಯದವರು ನೆರಳು ದಾಳಿ ತೋರಿಸಿದರು. ಸಹಿಗೆ ಮುನ್ನವೇ ಪದರದ ಕೆಳಗೆ ಬೇರೆ ಬರಹ ಅಡಗಿಸಿಟ್ಟು, ಸಹಿಯ ನಂತರ ಅದನ್ನು ಮೇಲೆ ತರುವುದು. ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ನಮ್ಮ ಸಾಹುಕಾರರ ವಿದ್ಯೆಗೆ ಹೊಸ ರೂಪ.

ಆದ್ದರಿಂದ ಪರೀಕ್ಷಿಸುವ ಕೋಡ್ ಬರೆಯುವವರು ಆ ಕೂಡುವ ಲೆಕ್ಕ ಮಾಡಲೇಬೇಕು. ಸಹಿ ಫೈಲಿನ ಕೊನೆಯವರೆಗೆ ಹೋಗುತ್ತದೆಯೇ? ತೂತಿನಲ್ಲಿ ಸಹಿ ಬಿಟ್ಟು ಇನ್ನೇನಾದರೂ ಇದೆಯೇ? ಕೊನೆಯವರೆಗೆ ಹೋಗದಿದ್ದರೆ ನಂತರ ಸೇರಿದ್ದು ಏನು, ಅದಕ್ಕೆ ಮೊದಲ ಸಹಿದಾರನ ಅನುಮತಿ ಇತ್ತೇ? ಆ ಅನುಮತಿಯನ್ನು ಡಾಕ್‌ಎಂಡಿಪಿ ಎಂಬಲ್ಲಿ ಮೂರು ಮಟ್ಟದಲ್ಲಿ ಹೇಳಬಹುದು: 1 ಎಂದರೆ ಏನನ್ನೂ ಮುಟ್ಟಕೂಡದು, 2 ಎಂದರೆ ಫಾರ್ಮ್ ತುಂಬಬಹುದು, ಸಹಿ ಸೇರಿಸಬಹುದು, 3 ಎಂದರೆ ಟಿಪ್ಪಣಿಯನ್ನೂ ಬರೆಯಬಹುದು. ಕರಾರುಪತ್ರಕ್ಕೆ ಕೊನೆಯ ಸಹಿ ಬೀಳುವವರೆಗೆ 2 ಸಾಕು.

ಎಕ್ಸ್‌ಎಂಎಲ್‌ಗೆ ಬಂದರೆ ತೊಂದರೆ ಬೇರೆ ಜಾತಿಯದು. ಇಲ್ಲಿ ಬೈಟುಗಳೇ ಸ್ಥಿರವಲ್ಲ. ಆಟ್ರಿಬ್ಯೂಟ್‌ಗಳ ಕ್ರಮ, ಉದ್ಧರಣ ಚಿಹ್ನೆಯ ಬಗೆ, ಖಾಲಿ ಟ್ಯಾಗ್ ಬರೆಯುವ ರೀತಿ ಪಾರ್ಸರಿಂದ ಪಾರ್ಸರಿಗೆ ಬದಲಾಗುತ್ತವೆ, ಅರ್ಥ ಬದಲಾಗುವುದಿಲ್ಲ. ಹಾಗಾಗಿ ಹ್ಯಾಶ್‌ಗೆ ಮುನ್ನ ಎಲ್ಲವನ್ನೂ ಒಂದೇ ಅಚ್ಚಿಗೆ ಎರೆಯುತ್ತಾರೆ, ಅದಕ್ಕೆ ಕೆನಾನಿಕಲೈಸೇಶನ್ ಎಂಬ ನಾಲಿಗೆ ಹೊರಳದ ಹೆಸರು. ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ಗುಂಡಿ ಇದೆ. ಆ ಅಚ್ಚು ಯೂನಿಕೋಡ್ ರೂಪಗಳನ್ನು ಒಂದಾಗಿಸುವುದಿಲ್ಲ. ‘ಕೋ’ ಅಕ್ಷರದ ಓತ್ವವನ್ನು ಒಂದೇ ಸಂಕೇತದಲ್ಲಿ ಬರೆಯಬಹುದು, ಎತ್ವ, ಊತ್ವ, ದೀರ್ಘಚಿಹ್ನೆ ಎಂದು ಮೂರು ಸಂಕೇತಗಳಲ್ಲಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ‘ಕೋಲಾರ’ ಎಂಬ ಹೆಸರು ಯುಟಿಎಫ್-8ರಲ್ಲಿ ಮೊದಲ ರೀತಿಯಲ್ಲಿ 15 ಬೈಟು, ಎರಡನೆಯ ರೀತಿಯಲ್ಲಿ 21 ಬೈಟು. ಹ್ಯಾಶ್ ಬೇರೆ, ಸಹಿ ಕೆಂಪು. ‘ರ‍್ಯಾ’ ಬರೆಯಲು ಬಳಸುವ ಕಣ್ಣಿಗೆ ಕಾಣದ ಜೋಡಕವನ್ನು ಯಾವುದೋ ಡೇಟಾಬೇಸ್ ‘ಕಸ’ ಎಂದು ಗುಡಿಸಿ ಹಾಕಿದರೂ ಇದೇ ಗತಿ. ಮದ್ದು ಸರಳ: ಪಠ್ಯವನ್ನು ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತರುವುದಿದ್ದರೆ ಸಹಿಗೆ ಮುನ್ನ ತನ್ನಿ. ಸಹಿಯಾದ ಮೇಲೆ ಬಂದ ಬೈಟುಗಳನ್ನು ಬಂದ ಹಾಗೆಯೇ ಇಡಿ, ತೆರೆದು ಮತ್ತೆ ಬರೆಯಬೇಡಿ.

ಎಕ್ಸ್‌ಎಂಎಲ್ ಸಹಿಯ ಇನ್ನೊಂದು ರೋಗ ಸುತ್ತುವ ದಾಳಿ. ‘ಈ ಐಡಿ ಇರುವ ತುಣುಕಿಗೆ ನನ್ನ ಸಹಿ’ ಎಂದು ಸಹಿ ಹೇಳುತ್ತದೆ. ದಾಳಿಕೋರ ಆ ತುಣುಕನ್ನು ಮೂಲೆಗೆ ಸರಿಸಿ, ಅದರ ಜಾಗದಲ್ಲಿ ಅದೇ ಹೆಸರಿನ ತನ್ನ ತುಣುಕು ಇಡುತ್ತಾನೆ. ಸಹಿ ಪರೀಕ್ಷಿಸುವ ಕೋಡ್ ಮೂಲೆಯದನ್ನು ಹುಡುಕಿ ‘ಸರಿ’ ಎನ್ನುತ್ತದೆ, ವ್ಯವಹಾರದ ಕೋಡ್ ಎದುರಿಗಿದ್ದದ್ದನ್ನು ಓದುತ್ತದೆ. ಪರೀಕ್ಷೆ ಮುಗಿದ ಮೇಲೆ ಲೈಬ್ರರಿ ‘ಇದಕ್ಕೆ ಸಹಿ ಇತ್ತು’ ಎಂದು ಹಿಂದಿರುಗಿಸಿದ ತುಣುಕನ್ನೇ ಓದಬೇಕು, ಮೂಲ ದಾಖಲೆಗೆ ಮತ್ತೆ ಕೈಹಾಕಬಾರದು.

ವರ್ಡ್ ಮತ್ತು ಓಪನ್‌ಡಾಕ್ಯುಮೆಂಟ್ ಫೈಲುಗಳು ಒಳಗೆ ಜಿಪ್ ಗಂಟುಗಳು, ಅವುಗಳೊಳಗಿನ ಸಹಿಯೂ ಎಕ್ಸ್‌ಎಂಎಲ್ ಸಹಿಯೇ. ಯುರೋಪಿನವರ ಎಎಸ್‌ಐಸಿ ಕೂಡ ಜಿಪ್: ಯಾವ ಬಗೆಯ ಫೈಲಾದರೂ ಒಳಗಿಡಿ, ಸಹಿ ಬೇರೊಂದು ಫೋಲ್ಡರಿನಲ್ಲಿ. ಎಸ್ಟೋನಿಯಾದಲ್ಲಿ ಜನಸಾಮಾನ್ಯರು ದಿನನಿತ್ಯ ಕೊಟ್ಟು ತೆಗೆದುಕೊಳ್ಳುವುದು ಇಂಥ ಗಂಟುಗಳನ್ನೇ. ನನಗೆ ಇದು ಪಿಡಿಎಫ್‌ನ ತೂತಿಗಿಂತ ಶುದ್ಧವಾದ ಏರ್ಪಾಡು ಎನಿಸುತ್ತದೆ. ಆದರೆ ಎರಡು ಸಲ ಒತ್ತಿದರೆ ತೆರೆದುಕೊಳ್ಳಬೇಕು ಎನ್ನುವ ಗ್ರಾಹಕರ ಮುಂದೆ ಶುದ್ಧತೆ ಸೋಲುತ್ತದೆ.

ಜೇಸನ್‌ನ ಜೆಡಬ್ಲ್ಯುಎಸ್ ಅಚ್ಚಿಗೆ ಎರೆಯುವ ಗೋಜಿಗೇ ಹೋಗಲಿಲ್ಲ. ಬೈಟುಗಳನ್ನು ಬೇಸ್64 ಅಕ್ಷರಗಳಾಗಿ ಕಟ್ಟಿ, ಆ ಕಟ್ಟಿಗೇ ಸಹಿ ಹಾಕಿ, ಚುಕ್ಕಿಯಿಟ್ಟು ಜೋಡಿಸುತ್ತದೆ. ಕೋಲಾರದ ಓತ್ವ ಹೇಗೇ ಇದ್ದರೂ ಕಟ್ಟು ಬಿಚ್ಚದೆ ಪರೀಕ್ಷೆ ಮುಗಿಯುತ್ತದೆ. ಜಿಎಸ್‌ಟಿ ಇ-ಇನ್‌ವಾಯ್ಸ್‌ನ ಸಹಿ ಮಾಡಿದ ಕ್ಯೂಆರ್ ಇದೇ ಜಾತಿಯದು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವ್ಯಾಪಾರಗಳಿಗೆ 2023ರ ಆಗಸ್ಟ್‌ನಿಂದ ಇದು ಕಡ್ಡಾಯ, ಹಾಗಾಗಿ ಪ್ರಯೋಗಕ್ಕೆ ಒಂದು ಮಾದರಿ ಸಿಗುವುದು ಕಷ್ಟವಲ್ಲ. ಒಂದೇ ಎಚ್ಚರ: ಯಾವ ಸೂತ್ರದಿಂದ ಪರೀಕ್ಷಿಸಬೇಕೆಂದು ಆ ಕಟ್ಟೇ ಹೇಳುತ್ತದೆ, ಅದರ ಮಾತು ಕೇಳಬೇಡಿ. ‘ಸೂತ್ರ ಯಾವುದೂ ಇಲ್ಲ’ ಎಂದು ಬರೆದುಕೊಂಡು ಬಂದದ್ದನ್ನೂ ಒಪ್ಪಿಕೊಂಡ ಲೈಬ್ರರಿಗಳಿದ್ದವು. ನೀವು ಒಪ್ಪುವ ಸೂತ್ರ ನಿಮ್ಮ ಕೋಡಿನಲ್ಲೇ ಗಟ್ಟಿಯಾಗಿ ಬರೆದಿರಲಿ.

ಟೋಕನ್ ಇಲ್ಲದವರಿಗೆ ನಮ್ಮ ದೇಶದಲ್ಲಿ 2015ರಿಂದ ಇ-ಸೈನ್ ಇದೆ. ನಿಮ್ಮ ಸರ್ವರ್ ದಾಖಲೆಯ ಹ್ಯಾಶ್ ಮಾತ್ರ ಕಳಿಸುತ್ತದೆ, ದಾಖಲೆ ನಿಮ್ಮಲ್ಲೇ ಉಳಿಯುತ್ತದೆ. ಬಳಕೆದಾರ ಆಧಾರ್ ಒಟಿಪಿ ಕೊಡುತ್ತಾನೆ, ಸೇವೆ ಕೊಡುವವರು ಅಲ್ಲೇ ಒಂದು ಕೀ ಜೋಡಿ ಹುಟ್ಟಿಸಿ, ಸರ್ಟಿಫಿಕೇಟ್ ಕೊಟ್ಟು, ಸಹಿ ಮಾಡಿ, ಪ್ರೈವೇಟ್ ಕೀಯನ್ನು ನಾಶಮಾಡುತ್ತಾರೆ. ಸರ್ಟಿಫಿಕೇಟಿನ ಆಯುಷ್ಯ 30 ನಿಮಿಷ. ಕೀ ಕಳೆದುಹೋಗುವ ಭಯವೇ ಇಲ್ಲದ ಏರ್ಪಾಡು. ಅನುಭವವಿಲ್ಲದವರು ಇಲ್ಲಿ ಬೀಳುವುದು ಬೇರೆ ಕಡೆ: ಒಂದು ಗಂಟೆಯ ನಂತರ ಪರೀಕ್ಷಿಸಿ, ‘ಸರ್ಟಿಫಿಕೇಟಿನ ಅವಧಿ ಮುಗಿದಿದೆ’ ಎಂದು ಸಹಿಯನ್ನೇ ತಿರಸ್ಕರಿಸುವ ಕೋಡ್ ಬರೆದಿರುತ್ತಾರೆ. ಕೇಳಬೇಕಾದ್ದು ‘ಈಗ ಸರಿ ಇದೆಯೇ’ ಎಂದಲ್ಲ, ‘ಸಹಿ ಬಿದ್ದ ಹೊತ್ತಿನಲ್ಲಿ ಸರಿ ಇತ್ತೇ’ ಎಂದು. ಆ ಹೊತ್ತನ್ನು ಸಹಿ ಹಾಕಿದವನ ಗಡಿಯಾರ ಹೇಳಿದರೆ ಸಾಲದು, ಮೂರನೆಯವರು ಹೇಳಬೇಕು.

ಟೈಮ್‌ಸ್ಟ್ಯಾಂಪ್ ಸರ್ವರ್ ಇರುವುದು ಅದಕ್ಕೆ. ಆರ್‌ಎಫ್‌ಸಿ 3161ರ ಪ್ರಕಾರ ನೀವು ಸಹಿಯ ಹ್ಯಾಶ್ ಕಳಿಸಿದರೆ ‘ಇದು ಈ ಕ್ಷಣದಲ್ಲಿ ನನ್ನ ಕಣ್ಣಿಗೆ ಬಿದ್ದಿತ್ತು’ ಎಂದು ತನ್ನ ಸಹಿ ಹಾಕಿ ಮರಳಿಸುತ್ತದೆ. ಯುರೋಪಿನ ಎಟ್ಸಿ ಮಾನದಂಡಗಳು ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿವೆ. ಬರಿಯ ಸಹಿ ಮೊದಲ ಮೆಟ್ಟಿಲು. ಟೈಮ್‌ಸ್ಟ್ಯಾಂಪ್ ಸೇರಿದರೆ ಎರಡನೆಯದು. ಸರ್ಟಿಫಿಕೇಟ್ ಆಗ ರದ್ದಾಗಿರಲಿಲ್ಲ ಎಂಬುದಕ್ಕೆ ಪುರಾವೆಯಾದ ಒಸಿಎಸ್‌ಪಿ ಉತ್ತರ ಅಥವಾ ಸಿಆರ್‌ಎಲ್ ಪಟ್ಟಿಯನ್ನು ಫೈಲಿನೊಳಗೇ ಇಟ್ಟರೆ ಮೂರನೆಯದು. ಇವೆಲ್ಲವುಗಳ ಮೇಲೆ ಕಾಲಕಾಲಕ್ಕೆ ಹೊಸ ಟೈಮ್‌ಸ್ಟ್ಯಾಂಪ್ ಒತ್ತುತ್ತ ಹೋದರೆ ನಾಲ್ಕನೆಯದು. ಇಪ್ಪತ್ತು ವರ್ಷದ ಗೃಹಸಾಲದ ಕರಾರಿಗೆ ಮೊದಲ ಮೆಟ್ಟಿಲಲ್ಲೇ ನಿಂತವರನ್ನು ನಾನು ಕಂಡಿದ್ದೇನೆ. ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಯ ಸರ್ವರ್ ಅಲ್ಲಿಯವರೆಗೆ ಉತ್ತರ ಕೊಡುತ್ತಲೇ ಇರುತ್ತದೆ ಎಂಬ ಭರವಸೆಯ ಮೇಲೆ ಮನೆ ಕಟ್ಟಬಾರದು. ರದ್ದತಿ ಬರಿಯ ಕಾಗದದ ಮಾತೂ ಅಲ್ಲ. 2014ರ ಜುಲೈನಲ್ಲಿ ಕೇಂದ್ರ ಸರ್ಕಾರದ ಎನ್‌ಐಸಿಯ ಹೆಸರಿನಲ್ಲಿ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದದ್ದನ್ನು ಗೂಗಲ್ ಪತ್ತೆ ಮಾಡಿದಾಗ, ಸಿಸಿಎ ಎನ್‌ಐಸಿಯ ಮಧ್ಯಂತರ ಸರ್ಟಿಫಿಕೇಟುಗಳನ್ನೇ ರದ್ದುಮಾಡಬೇಕಾಯಿತು.

ಕಾನೂನಿನ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಎಲ್ಲ ದಾಖಲೆಗೂ ಈ ಸಹಿ ನಡೆಯುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೊದಲ ಅನುಸೂಚಿಯ ಪ್ರಕಾರ ಉಯಿಲು ಇದರ ಹೊರಗಿದೆ. ಅಜ್ಜನ ಉಯಿಲಿಗೆ ಆ್ಯಪ್ ಮಾಡಿಕೊಡಿ ಎಂದು ಯಾರಾದರೂ ಬಂದರೆ ಮೊದಲು ವಕೀಲರ ಬಳಿ ಕಳಿಸಿ.

ಕೈಯಿಂದ ಮಾಡಿ ನೋಡುವವರಿಗೆ: ಸಿಎಂಎಸ್‌ಗೆ ಓಪನ್‌ಎಸ್‌ಎಸ್‌ಎಲ್ ಸಾಕು. ಪಿಡಿಎಫ್‌ಗೆ ಪೈಥಾನಿನಲ್ಲಿ ಪೈಹ್ಯಾಂಕೊ, ಜಾವಾದಲ್ಲಿ ಪಿಡಿಎಫ್‌ಬಾಕ್ಸ್ ಅಥವಾ ಯುರೋಪಿಯನ್ ಕಮಿಷನ್‌ನ ಡಿಎಸ್‌ಎಸ್ ಇವೆ. ಐಟೆಕ್ಸ್ಟ್ ಚೆನ್ನಾಗಿದೆ, ಅದರ ಎಜಿಪಿಎಲ್ ಲೈಸೆನ್ಸ್ ಓದಿಯೇ ಬಳಸಿ. ಸಹಿ ಹಾಕುವ ಕೋಡ್ ಒಂದು ವಾರದ್ದು. ಪರೀಕ್ಷಿಸುವ ಕೋಡನ್ನು ಸ್ವಂತ ಬರೆಯಲು ಹೋಗಬೇಡಿ, 21 ರೀಡರ್ ತಯಾರಕರಿಗೇ ಅದು ದಕ್ಕಿರಲಿಲ್ಲ.

ನಮ್ಮ ಆ ಕರಾರುಪತ್ರಗಳಿಗೆ ಏನಾಯಿತು ಎಂದರೆ, ಗಾತ್ರ ಕುಗ್ಗಿಸುವ ಹೆಜ್ಜೆಯನ್ನು ಸಹಿಗೆ ಮುಂಚೆ ತಂದಿಟ್ಟೆವು, ಎಲ್ಲಕ್ಕೂ ಮತ್ತೆ ಸಹಿ ಮಾಡಿಸಿ ಕಳಿಸಿದೆವು. ಮೇಲ್ ಹೊರಡುವ ಮುನ್ನ ಕೊನೆಯ ಬಾಗಿಲಲ್ಲಿ ಪಾಪ್ಲರ್‌ನ ಪಿಡಿಎಫ್‌ಸಿಗ್ ಎಂಬ ಪುಟ್ಟ ಉಪಕರಣವನ್ನು ಕಾವಲಿಗೆ ನಿಲ್ಲಿಸಿದೆವು. ಸಹಿ ಸರಿ ಇದೆಯೇ, ಅದು ಪೂರ್ತಿ ದಾಖಲೆಗೆ ಬಿದ್ದಿದೆಯೇ ಎಂಬ ಎರಡು ಸಾಲು ಅದು ಹೇಳುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಮೇಲ್ ಹೊರಡುವುದಿಲ್ಲ.